1930ರಲ್ಲಿ ನಿಮ್ಮ ತಾತ ಎಲ್ಲಿದ್ದರು?

ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ಹೋಗಿದ್ದರೆ ಹಾಲರವಿ ನೋಡಿಯೇ ಇರುತ್ತೀರಿ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸ ಇದ್ದು, ಕಾಡಿನ ಹಳ್ಳಕ್ಕೆ ನಡೆದು ಹೋಗುತ್ತಾರೆ. ಕಳಶದಲ್ಲಿ ನೀರು ತುಂಬಿಕೊಂಡು ತಲೆ ಮೇಲೆ ಹೊತ್ತು ಬರುತ್ತಾರೆ. ಜೊತೆಗೆ ಸತ್ತಿಗೆ, ಸೂರಿಪಾನಿಯಂಥ ಮೆರವಣಿಗೆಯ ಬಿರುದುಗಳು, ವಾದ್ಯ. ದಾರಿಯುದ್ದಕ್ಕೂ ಜನ ಕೈ ಮುಗಿದು ನಿಂತಿರುತ್ತಾರೆ. ಆ ನೀರಿನಲ್ಲೇ ಮಾದಪ್ಪನಿಗೆ ಅಭಿಷೇಕ.

ಪೂಜೆ ಮುಗಿದ ಮೇಲೆ ಆ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅಂತ ಯಾರಾದರೂ ಕೇಳಿದ್ದೀರಾ? ಇವತ್ತು ನಾನು ಮಾತಾಡಬೇಕೆಂದಿರುವುದು ಅವರು ವಾಪಸ್ ಹೋಗುವ ಊರುಗಳ ಬಗ್ಗೆ. ಇಂಡಿಗನತ್ತ, ತೇಕಣೆ, ಪಡಸಲನತ್ತ, ತುಳಸಿಕೆರೆ, ದೊಡ್ಡಾಣೆ, ತೋಕೆರೆ. ಪಕ್ಕದಲ್ಲೇ ಸೋಲಿಗ ಬುಡಕಟ್ಟಿನವರ ಮೆಂದಾರೆ. ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು. ಎಪ್ಪತ್ತೇಳು ಮಲೆ ಅಂತ ನಮ್ಮ ಕಂಸಾಳೆಯವರು ಹಾಡುತ್ತಾರಲ್ಲ, ಆ ಮಲೆಗಳ ಸಾಲಿನಲ್ಲಿರುವ ಊರುಗಳು ಇವು.

ದೂರದ ಊರು ಅಂದ ತಕ್ಷಣ ನಮಗೆ ಹಿಮಾಲಯ ನೆನಪಾಗುತ್ತದೆ. ಇವು ಹಾಗಲ್ಲ. ಬೆಂಗಳೂರಿನಿಂದ ಬೆಟ್ಟಕ್ಕೆ ಸುಮಾರು 210 ಕಿಲೋಮೀಟರ್. ಬಸ್ಸುಗಳು ಬೇಕಾದಷ್ಟಿವೆ. ಬೆಟ್ಟದಲ್ಲಿ 2023ರಲ್ಲಿ 108 ಅಡಿಯ ಮಹದೇಶ್ವರ ಪ್ರತಿಮೆ ಉದ್ಘಾಟನೆಯಾಯಿತು. ತಿಂಗಳ ಹುಂಡಿ ಎಣಿಸಿದರೆ ಕೋಟಿ ದಾಟುತ್ತದೆ. ರಾತ್ರಿಯೆಲ್ಲಾ ದೀಪ ಉರಿಯುತ್ತಿರುತ್ತದೆ. ಅಲ್ಲಿಂದ ಏಳೆಂಟು ಕಿಲೋಮೀಟರ್ ಒಳಗೆ ನಡೆದರೆ ಕರೆಂಟು ಕಾಣದೆ ಬೆಳೆದ ಮಕ್ಕಳು ಸಿಗುತ್ತಾರೆ. ದೇವಸ್ಥಾನದ ಪೂಜೆಗೆ ಬೇಕಾದ ಊರುಗಳು ಇವು. ಅರ್ಚಕರು ಬೇಡಗಂಪಣರೇ. ಆದರೆ ಜಿಲ್ಲೆಯ ಬಗ್ಗೆ ಬಂದಿರುವ ಪುಸ್ತಕಗಳಲ್ಲಿ ಹುಡುಕಿ ನೋಡಿ, ದೇವಸ್ಥಾನಕ್ಕೆ ಪುಟಗಟ್ಟಲೆ ಇರುತ್ತದೆ, ಈ ಊರುಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಅಲ್ಲಿನ ಬದುಕು ಹೇಗಿದೆ ಅಂತ ಮೊದಲು ಹೇಳುತ್ತೇನೆ. ಕಾಯ್ದೆ, ಕಡತ ಆಮೇಲೆ.

ಮಳೆ ನಂಬಿದ ಬೇಸಾಯ. ಈ ಮಲೆಗಳಿಗೆ ಮುಂಗಾರು ಜಾಸ್ತಿ ಸಿಗುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಸುರಿದು ಬರಿದಾಗಿ ಬರುತ್ತದೆ. ಒಳ್ಳೆಯ ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ದು. ಅದನ್ನು ನೋಡಿಕೊಂಡು ರಾಗಿ ಹಾಕುತ್ತಾರೆ. ಸಾಲಿನ ನಡುವೆ ಅವರೆ, ಸಾಸಿವೆ. ಕಲ್ಲು ಜಾಸ್ತಿ ಇರುವ ಕಡೆ ಹುರಳಿ. ಈಚೆಗೆ ಮೆಕ್ಕೆಜೋಳವೂ ಬಂದಿದೆ. ಹೊಲದಲ್ಲಿ ಸಿಕ್ಕ ಕಲ್ಲನ್ನೇ ಆಯ್ದು ಬದುವಿಗೆ ಜೋಡಿಸಿದ್ದಾರೆ. ಆ ಬದುಗಳನ್ನು ಈಗಲೇ ನೆನಪಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತದೆ.

ತೆನೆ ಬಲಿಯುವ ಹೊತ್ತಿಗೆ ಆನೆ ಬರುತ್ತದೆ. ರಾಗಿ ಹಾಲುಗಟ್ಟಿದಾಗಿನಿಂದ ಕೊಯ್ಲು ಮುಗಿಯುವ ತನಕ ಮನೆಗೊಬ್ಬರು ಹೊಲದಲ್ಲೇ ಮಲಗಬೇಕು. ಮಲಗಬೇಕು ಅಂದೆ, ಮಲಗುವುದೆಲ್ಲಿ! ಅಟ್ಟಣೆ ಮೇಲೆ ಕೂತು, ಬುಡದಲ್ಲಿ ಬೆಂಕಿ ಹಾಕಿಕೊಂಡು, ತಗಡು ಬಡಿಯುತ್ತಾ ರಾತ್ರಿ ಕಳೆಯುತ್ತಾರೆ. ಒಂದು ಹೊಲದವರು ಕೂಗಿದರೆ ಪಕ್ಕದ ಹೊಲದವರು ಕೂಗುತ್ತಾರೆ. ಆ ಕೂಗು ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತದೆ. ಬೆಳಿಗ್ಗೆ ಅದೇ ಮನುಷ್ಯ ದನ ಬಿಡಬೇಕು, ಸೌದೆ ತರಬೇಕು. ಇದೇ ತಿಂಗಳುಗಳಲ್ಲಿ ಮಕ್ಕಳು ಶಾಲೆ ತಪ್ಪಿಸುವುದೂ ಜಾಸ್ತಿ. ಅಪ್ಪ ಕಾವಲಿಗೆ ಹೋದ, ಅಮ್ಮ ಕೊಯ್ಲಿಗೆ ಹೋದಳು, ಚಿಕ್ಕ ಮಗುವನ್ನು ನೋಡಿಕೊಳ್ಳುವವರು ಯಾರು? ದೊಡ್ಡ ಹುಡುಗಿ. ಹಾಜರಿ ಪುಸ್ತಕ ನೋಡಿ ಇವರಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂದುಬಿಡುತ್ತಾರೆ. ಆ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಊರಿನಲ್ಲಿ ಕಿರಿಯ ಪ್ರಾಥಮಿಕ ಶಾಲೆ ಇದ್ದರೆ ಐದನೇ ಕ್ಲಾಸಿನ ತನಕ ಸರಿ. ಆಮೇಲೆ ನಡೆಯಬೇಕು, ಇಲ್ಲಾ ಹಾಸ್ಟೆಲ್ ಸೇರಬೇಕು. ನಡೆಯುವ ದಾರಿ ಆನೆ ಓಡಾಡುವ ದಾರಿ. ಗಂಡುಮಕ್ಕಳನ್ನು ಹೇಗೋ ಕಳಿಸುತ್ತಾರೆ. ಹೆಣ್ಣುಮಕ್ಕಳ ಓದು ಅಲ್ಲಿಗೆ ನಿಂತುಹೋಗುವುದು ಸುಲಭ. ಈಚಿನ ವರ್ಷಗಳಲ್ಲಿ ಅರಣ್ಯ ಇಲಾಖೆಯೇ ಕೆಲವು ಊರುಗಳಿಗೆ ಜೀಪು ಬಿಟ್ಟು ಮಕ್ಕಳನ್ನು ಶಾಲೆಗೆ, ಕಾಯಿಲೆಯವರನ್ನು ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಮಾಡಿತು. ಇದನ್ನು ಮರೆಯದೆ ಹೇಳಬೇಕು, ಏಕೆಂದರೆ ಇಲಾಖೆಯವರು ಅಂದರೆ ಬರೀ ಅಡ್ಡ ಹಾಕುವವರು ಅನ್ನುವುದು ತಪ್ಪು. ಆದರೆ ಜೀಪು ಹೋಗಲು ದಾರಿ ಬೇಕಲ್ವಾ? ಮಳೆ ಬಿದ್ದ ವಾರ ದಾರಿಯೇ ಹಳ್ಳವಾಗಿರುತ್ತದೆ.

ಆಗ ಉಳಿಯುವುದು ಡೋಲಿ. ಒಂದು ಗಟ್ಟಿ ಕೋಲು, ಒಂದು ಕಂಬಳಿ ಅಥವಾ ದುಪ್ಪಟಿ. ಎರಡು ತುದಿ ಕಟ್ಟಿ ನಡುವೆ ಕಾಯಿಲೆಯವರನ್ನು ಮಲಗಿಸುತ್ತಾರೆ. ಇಬ್ಬರು ಹೊರುತ್ತಾರೆ, ಹೆಗಲು ಬದಲಿಸಲು ಇನ್ನೂ ಐದಾರು ಜನ ಜೊತೆಗೆ ಬರುತ್ತಾರೆ. ಬಸುರಿಯನ್ನು ಹೀಗೆ ಹೊತ್ತು ತಂದ ಫೋಟೊ ಆಗಾಗ ಪತ್ರಿಕೆಯಲ್ಲಿ ಬರುತ್ತದೆ, ನೀವೂ ನೋಡಿರುತ್ತೀರಿ. ಫೋಟೊದಲ್ಲಿ ಕಾಣದ್ದು ಒಂದಿದೆ. ಹೊರಲು ಏಳೆಂಟು ಗಂಡಸರು ಊರಿನಲ್ಲಿರಬೇಕು. ಈಗ ವಯಸ್ಸಿನ ಹುಡುಗರು ಕೂಲಿಗೆ ಈರೋಡು, ತಿರುಪ್ಪೂರು, ಬೆಂಗಳೂರು ಅಂತ ಹೊರಟಿದ್ದಾರೆ. ಹಬ್ಬದ ದಿನ ಕಾಯಿಲೆ ಬಿದ್ದರೆ ಹೊರುವವರು ಸಿಗುತ್ತಾರೆ. ಬೇರೆ ದಿನ ಅದೂ ಕಷ್ಟ.

ಅಲ್ಲಿನವರು ಕೇಳುತ್ತಿರುವುದು ಏನು ಅಂತ ಸರಿಯಾಗಿ ಕೇಳಿಸಿಕೊಳ್ಳಿ. ರಸ್ತೆ ಅಂದರೆ ನಾವು ಡಾಂಬರು, ಕಾರು, ರೆಸಾರ್ಟು ಅಂದುಕೊಳ್ಳುತ್ತೇವೆ. ಅವರು ಕೇಳುವುದು ಮಳೆಗಾಲದಲ್ಲಿ ಒಂದು ಜೀಪು ಹತ್ತುವಂಥ ದಾರಿ. ಕರೆಂಟು ಅಂದರೆ ಅವರಿಗೆ ಮಿಕ್ಸಿ, ಟಿವಿ ಆಮೇಲೆ. ಮೊದಲು ಕುಡಿಯುವ ನೀರು ಎತ್ತುವ ಮೋಟಾರು, ಮೊಬೈಲ್ ಚಾರ್ಜು, ರಾತ್ರಿ ಬಾಗಿಲಾಚೆ ಆನೆ ನಿಂತಿದೆಯೋ ಇಲ್ಲವೋ ನೋಡಲು ಒಂದು ಬಲ್ಬು. ಸೌರದೀಪ ಕೊಟ್ಟಿದ್ದಾರೆ, ನಿಜ. ಬ್ಯಾಟರಿ ಹಳತಾದರೆ ಅದನ್ನು ಬದಲಿಸುವವರು ಬೇಕು. ಆ ಬ್ಯಾಟರಿಯನ್ನು ಹೊತ್ತು ತರುವುದಕ್ಕೂ ಅದೇ ದಾರಿ.

ಈಗ ಯಾಕೆ ಹೀಗೆ ಅನ್ನುವುದಕ್ಕೆ ಬರೋಣ. ಇದು ಕಾಡು, ಅದಕ್ಕೇ ಆಗುವುದಿಲ್ಲ ಅನ್ನುವುದು ಎಲ್ಲರ ಉತ್ತರ. ಮಲೆ ಮಹದೇಶ್ವರ ವನ್ಯಜೀವಿ ಧಾಮ ಘೋಷಣೆಯಾದದ್ದು 2013ರಲ್ಲಿ. ಸುಮಾರು 900 ಚದರ ಕಿಲೋಮೀಟರ್. ಒಂದು ಕಡೆ ಕಾವೇರಿ ವನ್ಯಜೀವಿ ಧಾಮ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ಆಚೆಗೆ ತಮಿಳುನಾಡಿನ ಸತ್ಯಮಂಗಲ. ಆನೆಗಳಿಗೂ ಹುಲಿಗಳಿಗೂ ಇದು ಬಹಳ ಮುಖ್ಯವಾದ ಕಾಡು. ಇದನ್ನು ಕಾಪಾಡಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಊರುಗಳು 2013ಕ್ಕಿಂತ ಮುಂಚೆ ಇದ್ದವು. ಹಾಗಂತ ತೋರಿಸುವುದು ಹೇಗೆ? ಕಷ್ಟ ಇರುವುದು ಅಲ್ಲೇ.

ಸ್ವಲ್ಪ ಇತಿಹಾಸ ಹೇಳುತ್ತೇನೆ. 1956ರ ನವೆಂಬರ್ 1ರ ತನಕ, ಈ ಊರುಗಳು ಆಗ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯದಲ್ಲಿ ಇರಲಿಲ್ಲ. ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈ ಕಾಡು ಮೀಸಲು ಅರಣ್ಯವಾದದ್ದು 1882ರ ಮದ್ರಾಸ್ ಅರಣ್ಯ ಕಾಯ್ದೆಯಡಿ. ಹಳೇ ಮೈಸೂರಿನ ಊರುಗಳನ್ನು ವರ್ಣಿಸುವ ಗೆಜೆಟಿಯರುಗಳಲ್ಲಿ ಈ ಮಲೆಗಳು ಬರುವುದಿಲ್ಲ, ಬರುವುದಕ್ಕೆ ಕಾರಣವೂ ಇಲ್ಲ, ಅದು ಬೇರೆ ರಾಜ್ಯ. ಕೊಯಮತ್ತೂರಿಗೆ ಇದು ಜಿಲ್ಲೆಯ ಬಡಗಣ ತುದಿ, ಕಾವೇರಿ ಕಣಿವೆಯ ಮೇಲಿನ ಕಾಡು. 1956ರಲ್ಲಿ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು. ಆಮೇಲೆ ಕೊಳ್ಳೇಗಾಲದಿಂದ ಬೇರೆಯಾಗಿ ಹನೂರು ತಾಲ್ಲೂಕು ಆಯಿತು. ಊರು ಕೂತಲ್ಲೇ ಕೂತಿದೆ. ಅದರ ಕಡತ ಮಾತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಾ, ಪ್ರತಿ ಸಲವೂ ಒಂದಿಷ್ಟು ಕಳೆದುಹೋಗುತ್ತಾ ಬಂದಿದೆ.

ಪ್ರವಾಸ ಮಾಡಿ ಬರೆದವರೂ ರಸ್ತೆ ಬಿಟ್ಟು ಒಳಗೆ ಹೋದದ್ದು ಕಡಿಮೆ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಈ ಸೀಮೆ ನೋಡಲು ಹೊರಟ. ಕೊಳ್ಳೇಗಾಲದ ಕಡೆಯಿಂದ ಕಾವೇರಿಪುರದ ಘಟ್ಟ ಇಳಿದು ಹೋದ. ದಾರಿಯಲ್ಲಿ ಸಿಕ್ಕ ಊರು, ಮಣ್ಣು, ಬೆಳೆ ಎಲ್ಲಾ ಬರೆದ. ಆದರೆ ಅವನು ಬರೆದದ್ದು ಹೆಚ್ಚಾಗಿ ದಾರಿ ಬದಿಯ ಊರುಗಳದ್ದು. ಆಮೇಲೆ ಇನ್ನೂರು ವರ್ಷ ಹಾಗೆಯೇ ನಡೆಯಿತು. ವೀರಪ್ಪನ್ ಕಾಲದಲ್ಲಿ ದೇಶದ ಪತ್ರಕರ್ತರೆಲ್ಲಾ ಈ ಕಾಡಿಗೆ ಬಂದರು. ಅವರು ಬರೆದದ್ದು ವೀರಪ್ಪನ್ ಬಗ್ಗೆ. 2004ರಲ್ಲಿ ಅವನು ಸತ್ತ, ಅವರೂ ಹೊರಟುಹೋದರು. ಒಂದು ಕಡೆ ಅವನ ಭಯ, ಇನ್ನೊಂದು ಕಡೆ ಪೊಲೀಸರ ಭಯ, ನಡುವೆ ಈ ಊರಿನವರು ಹತ್ತು ಹದಿನೈದು ವರ್ಷ ಹೇಗೆ ಬದುಕಿದರು ಅನ್ನುವುದನ್ನು ಅವರ ಬಾಯಿಂದಲೇ ಕೇಳಿ ಬರೆದವರು ಬಹಳ ಕಡಿಮೆ. ನಿಮ್ಮಲ್ಲಿ ಯಾರಾದರೂ ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ ಇದನ್ನು ತೆಗೆದುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಆ ಕಾಲ ಕಂಡವರಿಗೆ ಈಗ ವಯಸ್ಸಾಗುತ್ತಿದೆ.

ಜನಗಣತಿಯಲ್ಲೂ ಇದೇ ತೊಂದರೆ. ಗಣತಿಯ ಲೆಕ್ಕ ಕಂದಾಯ ಗ್ರಾಮದ್ದು. ಕಾಡಿನೊಳಗಿನ ಚಿಕ್ಕ ಊರು, ಪೋಡು, ದೊಡ್ಡಿಗಳು ಯಾವುದೋ ಒಂದು ದೊಡ್ಡ ಹೆಸರಿನ ಕೆಳಗೆ ಸೇರಿಹೋಗುತ್ತವೆ. ಒಂದೊಂದು ಊರಿನಲ್ಲೂ ಎಷ್ಟು ಮನೆ, ಎಷ್ಟು ಮಕ್ಕಳು ಅಂತ ಬೇರೆಯಾಗಿ ಸಿಗುವುದಿಲ್ಲ.

ಇರಲಿ, ಇದರಿಂದ ಏನಾಯಿತು? ಇತಿಹಾಸಕಾರರಿಗೆ ಬೇಸರ, ಅಷ್ಟೇ ತಾನೇ? ಅಷ್ಟೇ ಅಲ್ಲ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನಲ್ಲಿ ಬದುಕುವವರಿಗೆ ಉಳುವ ಭೂಮಿ, ಮೇವು, ಕಿರು ಉತ್ಪನ್ನದ ಮೇಲೆ ಹಕ್ಕು ಕೊಡುವ ಕಾಯ್ದೆ. ಸೋಲಿಗರು ಪರಿಶಿಷ್ಟ ಪಂಗಡ. ಅವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರು ಅಂತ ತೋರಿಸಿದರೆ ಸಾಕು. ಬೇಡಗಂಪಣರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅವರು ‘ಇತರೆ ಪಾರಂಪರಿಕ ಅರಣ್ಯವಾಸಿಗಳು’. ಅವರು ಅದೇ ದಿನಾಂಕಕ್ಕೆ ಹಿಂದೆ ಮೂರು ತಲೆಮಾರು ಅಲ್ಲಿದ್ದರೆಂದು ತೋರಿಸಬೇಕು. ಕಾಯ್ದೆಯ ಲೆಕ್ಕದಲ್ಲಿ ಒಂದು ತಲೆಮಾರು ಅಂದರೆ 25 ವರ್ಷ. ಒಟ್ಟು 75. ಅಂದರೆ 1930.

ಈಗ ಯೋಚಿಸಿ. ಒಂದೇ ಕಾಡು, ಒಂದೇ ಹಳ್ಳದ ನೀರು, ಒಂದೇ ಆನೆಯ ಕಾಟ. ಇಂಡಿಗನತ್ತದವರಿಗೆ ಒಂದು ಅಳತೆ, ಮೆಂದಾರೆಯವರಿಗೆ ಇನ್ನೊಂದು. ಇಂಡಿಗನತ್ತದ ಒಬ್ಬ ಅಜ್ಜ 1930ರಲ್ಲಿ ತನ್ನ ತಾತ ಇಲ್ಲೇ ಬದುಕಿದ್ದ ಅಂತ ಸಾಕ್ಷಿ ತೋರಿಸಬೇಕು. 1930ರಲ್ಲಿ ಆ ಊರು ಇದ್ದದ್ದು ಕೊಯಮತ್ತೂರು ಜಿಲ್ಲೆಯಲ್ಲಿ. ಆ ಅಜ್ಜ ಯಾವ ಕಚೇರಿಯ ಬಾಗಿಲಿಗೆ ಹೋಗಿ ಕೇಳಬೇಕು?

ಇದೇ ಕಾಯ್ದೆಯಲ್ಲಿ ರಸ್ತೆ, ಕರೆಂಟಿಗೂ ದಾರಿ ಇದೆ. ಮೂರನೇ ಕಲಮಿನ ಎರಡನೇ ಉಪಕಲಮು. ಶಾಲೆ, ಆಸ್ಪತ್ರೆ, ಅಂಗನವಾಡಿ, ಪಡಿತರ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರು, ರಸ್ತೆ, ಹೀಗೆ 13 ಸೌಲಭ್ಯಗಳಿಗೆ ಅರಣ್ಯಭೂಮಿ ಕೊಡಬಹುದು. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಕೇಳಿದರೆ ಸುಲಭ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. ಮೂರೂವರೆ ಮೀಟರ್ ಅಗಲದ ದಾರಿ ಮಾಡಿದರೆ ಮೂರು ಕಿಲೋಮೀಟರ್ ಮುಟ್ಟುವ ಮೊದಲೇ ಹೆಕ್ಟೇರ್ ಮುಗಿಯಿತು. ಊರು ಇರುವುದು ಎಂಟು ಕಿಲೋಮೀಟರ್ ಆಚೆ. ಆದರೆ ನೆಲದೊಳಗೆ ಕೇಬಲ್ ಎಳೆಯಲು ಒಂದು ಮೀಟರ್ ಅಗಲ ಸಾಕು ಅಂತ ಇಟ್ಟುಕೊಳ್ಳಿ. ಎಂಟು ಕಿಲೋಮೀಟರಿಗೂ ಒಂದು ಹೆಕ್ಟೇರ್ ಆಗುವುದಿಲ್ಲ. ಅಭಯಾರಣ್ಯವಾದ್ದರಿಂದ ವನ್ಯಜೀವಿ ಕಾಯ್ದೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ, ಅದನ್ನು ನಾನು ಮರೆತಿಲ್ಲ. ಆದರೂ ಕರೆಂಟಿಗೆ ಒಂದು ದಾರಿ, ರಸ್ತೆಗೆ ಇನ್ನೊಂದು ದಾರಿ ಅಂತ ಬೇರೆ ಬೇರೆಯಾಗಿ ಯೋಚಿಸಬೇಕಿತ್ತು. ಎರಡನ್ನೂ ಒಟ್ಟಿಗೆ ಕಟ್ಟಿ, ಕಾಡಿನಲ್ಲಿ ಏನೂ ಆಗುವುದಿಲ್ಲ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದದ್ದು ದೊಡ್ಡ ಅನ್ಯಾಯ ಅಂತ ನನ್ನ ಅಭಿಪ್ರಾಯ.

ಆ ಸಿಟ್ಟು ಹೊರಗೆ ಬಂದದ್ದು 2024ರ ಏಪ್ರಿಲ್ 26ರಂದು. ಲೋಕಸಭೆ ಚುನಾವಣೆ. ಇಂಡಿಗನತ್ತದವರು ಮತದಾನ ಬಹಿಷ್ಕರಿಸಿದ್ದರು. ಮನವೊಲಿಸಲು ಅಧಿಕಾರಿಗಳು ಹೋದರು, ಮಾತಿಗೆ ಮಾತು ಬೆಳೆಯಿತು. ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಒಡೆಯಿತು. ಅಧಿಕಾರಿಗಳಿಗೆ ಪೆಟ್ಟಾಯಿತು, ಊರಿನವರಿಗೂ ಪೆಟ್ಟಾಯಿತು. 29ಕ್ಕೆ ಮರುಮತದಾನ ನಡೆದರೆ ಬಂದವರು ಬಹಳ ಕಡಿಮೆ. ಬಂಧನದ ಭಯಕ್ಕೆ ಮನೆಗಳಿಗೆ ಬೀಗ ಬಿತ್ತು, ದನಗಳು ಮೇವು ನೀರಿಲ್ಲದೆ ಕೊಟ್ಟಿಗೆಯಲ್ಲಿ ಉಳಿದವು. ಕಲ್ಲು ತೂರಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಕರ್ತವ್ಯಕ್ಕೆ ಬಂದ ಶಿಕ್ಷಕರೋ ಗುಮಾಸ್ತರೋ ಏನು ತಪ್ಪು ಮಾಡಿದ್ದರು? ಆದರೆ ಅಲ್ಲಿಯ ತನಕ ಇಂಡಿಗನತ್ತ ಅನ್ನುವ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಮರುವರ್ಷ, 2025ರ ಏಪ್ರಿಲ್ 24ರಂದು, ರಾಜ್ಯದ ಸಚಿವ ಸಂಪುಟ ಸಭೆ ಬೆಟ್ಟದಲ್ಲೇ ಸೇರಿತು.

ಅದಾಗಿ ಎರಡು ತಿಂಗಳಿಗೆ ಇನ್ನೊಂದು ಸುದ್ದಿ. ಇದೇ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ಆ ದಿನ ನನಗೆ ಊಟ ಸೇರಲಿಲ್ಲ. ಇದನ್ನು ಯಾವ ಬಡತನದ ಹೆಸರಿನಲ್ಲೂ ಸಮರ್ಥಿಸಲು ಬರುವುದಿಲ್ಲ. ಅದರ ಜೊತೆಗೇ ಇನ್ನೊಂದನ್ನೂ ಹೇಳಬೇಕು. ಹುಲಿಯನ್ನು ಪೂಜಿಸುವ ಜನ ಇವರು. ಮಾದಪ್ಪ ಹುಲಿವಾಹನ, ಪ್ರತಿ ಮನೆಯ ಗೋಡೆಯಲ್ಲೂ ಆ ಪಟ ಇದೆ. ಹುಲಿಯ ಜೊತೆ ಇಷ್ಟು ಕಾಲ ಬಾಳಿದ ಸೀಮೆಯಲ್ಲಿ ಯಾರೋ ಒಬ್ಬರ ಕೈ ವಿಷಕ್ಕೆ ಹೋಗುವ ಹಾಗಾಯಿತು ಅಂದರೆ, ಕಾಡು ನಮ್ಮದು ಅನ್ನುವ ಭಾವನೆ ಎಲ್ಲೋ ಕಡಿದುಹೋಗಿದೆ. ಹಕ್ಕುಪತ್ರ ಕೊಟ್ಟರೆ ಹುಲಿ ಉಳಿಯುತ್ತದೆ ಅಂತ ನಾನು ಸುಮ್ನೆ ಹೇಳಲಾರೆ. ಹಕ್ಕೇ ಇಲ್ಲದವರಿಂದ ಕಾವಲು ನಿರೀಕ್ಷಿಸುವುದು ಕಷ್ಟ ಅಂತ ಮಾತ್ರ ಹೇಳಬಲ್ಲೆ.

ಹಾಗಾದರೆ ಇವರನ್ನೆಲ್ಲಾ ಕೆಳಗೆ ತಂದು ಮನೆ ಕಟ್ಟಿಕೊಟ್ಟರೆ ಆಗುವುದಿಲ್ಲವೇ ಅಂತ ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ಹೋಗುತ್ತೇವೆ ಅಂದವರು ಇದ್ದಾರೆ. ಇದೇ ಕಾಡಿನ ಚಂಗಡಿ ಅನ್ನುವ ಊರಿನವರು ತಾವಾಗಿಯೇ ಸ್ಥಳಾಂತರ ಕೇಳಿದರು. ಅವರ ತೀರ್ಮಾನಕ್ಕೆ ಗೌರವ ಕೊಡಬೇಕು, ಬೇಗ ಮಾಡಿಕೊಡಬೇಕು. ಆದರೆ ಬೇಡಗಂಪಣರ ಮಾತು ಬೇರೆ. ಅವರ ಪೂಜೆಯ ಸರದಿ, ಹಾಲರವಿ, ಮನೆದೇವರು ಎಲ್ಲಾ ಈ ಮಲೆಗೆ ಕಟ್ಟಿಕೊಂಡಿದೆ. ಮೂಲ ಸೌಕರ್ಯ ಕೊಡದೆ ಬಳಲಿಸಿ, ಆಮೇಲೆ ‘ಬೇಕಾದರೆ ಇಳಿದು ಬನ್ನಿ’ ಅಂದರೆ ಅದನ್ನು ಒಪ್ಪಿಗೆ ಅನ್ನಲಾಗುವುದಿಲ್ಲ. ಸೌಲಭ್ಯ ಕೊಟ್ಟು, ಆಮೇಲೆ ಕೇಳಿ.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ನೀವು ಇತಿಹಾಸ, ಜಾನಪದ ಓದುತ್ತಿರುವವರು. 1930ಕ್ಕೆ ಸಾಕ್ಷಿ ಬೇಕು ಅಂದರೆ ಕಾಗದವೇ ಆಗಬೇಕಿಲ್ಲ. ಕಾಯ್ದೆಯ ನಿಯಮಗಳಲ್ಲಿ 13ನೇ ನಿಯಮ ಓದಿ. ಗೆಜೆಟಿಯರು, ಸರ್ವೆ ವರದಿ, ನಕ್ಷೆ ಆಗುತ್ತವೆ. ಹೊಲ ಮಟ್ಟ ಮಾಡಿದ್ದು, ಬದು ಕಟ್ಟಿದ್ದು ಆಗುತ್ತವೆ. ಆ ಕಲ್ಲಿನ ಬದು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದು ಇದಕ್ಕೇ. ಬಾವಿ, ಸಮಾಧಿ, ದೇವರ ಜಾಗ ಆಗುತ್ತವೆ. ವಂಶಾವಳಿ ಆಗುತ್ತದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಆಗುತ್ತದೆ. ಇಂಥವು ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೇ. ಇಷ್ಟೆಲ್ಲಾ ಊರಿನಲ್ಲೇ ಬಿದ್ದಿದೆ. ಬರೆದುಕೊಳ್ಳುವವರು ಇಲ್ಲ.

ಅಜ್ಜಿಯರನ್ನು ‘ಯಾವ ಇಸವಿ’ ಅಂತ ಕೇಳಬೇಡಿ. ಒಬ್ಬ ಅಜ್ಜಿ ನನಗೆ ಹೇಳಿದ್ದು ಕೇಳಿ: “ನಮ್ಮಪ್ಪ ಮೆಟ್ಟೂರ್ ಕಟ್ಟೆ ಕೆಲ್ಸಕ್ಕೆ ಹೋಗಿ ಬಂದ್ ವರ್ಸವೇ ನಮ್ಮಕ್ಕ ಹುಟ್ಟಿದ್ದು ಕಣಪ್ಪ. ಇದೇ ಮನೇಲಿ.” ಮೆಟ್ಟೂರು ಅಣೆಕಟ್ಟೆಯ ಕೆಲಸ ಶುರುವಾದದ್ದು 1925ರಲ್ಲಿ, ಮುಗಿದದ್ದು 1934ರಲ್ಲಿ. ಕಾಯ್ದೆ ಕೇಳುವ ಕಾಲ ಆ ಒಂದು ಮಾತಿನಲ್ಲಿ ಸಿಕ್ಕಿತು. ಆಕೆಯ ಜೊತೆಗಾರರಲ್ಲಿ ಇನ್ನಿಬ್ಬರು ಅದನ್ನೇ ಹೇಳಿದರೆ, ಪಕ್ಕದಲ್ಲಿ ವಂಶಾವಳಿ ಇಟ್ಟರೆ, ಆ ಮನೆಯ ಹಿಂದಿನ ಸಮಾಧಿಗಳನ್ನು ಗುರುತು ಮಾಡಿದರೆ, ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ.

ಹೋಗುವುದಾದರೆ ಸಂಕ್ರಾಂತಿ ಕಳೆದ ಮೇಲೆ ಹೋಗಿ. ರಾಗಿ ಕಣಕ್ಕೆ ಬಂದಿರುತ್ತದೆ, ಹಿರಿಯರು ಮನೆಯಲ್ಲಿ ಸಿಗುತ್ತಾರೆ. ಶಿವರಾತ್ರಿ ಹತ್ತಿರ ಬೇಡ, ಎಲ್ಲರೂ ಜಾತ್ರೆಯ ಕೆಲಸದಲ್ಲಿರುತ್ತಾರೆ. ಅರಣ್ಯ ಇಲಾಖೆಗೆ ತಿಳಿಸಿಯೇ ಹೋಗಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಇಂಡಿಗನತ್ತಕ್ಕೆ ಹೋದವರು ಮೆಂದಾರೆಗೂ ಹೋಗಿ. 2024ರ ಗಲಾಟೆಯಲ್ಲಿ ಎರಡು ಊರಿನವರ ನಡುವೆಯೂ ಮನಸ್ತಾಪ ಬಂದಿದೆ, ಒಬ್ಬರದ್ದೇ ಬರೆದರೆ ಅದು ಇನ್ನಷ್ಟು ಬೆಳೆಯುತ್ತದೆ. ಹೇಳಿಕೆ ಬರೆದುಕೊಂಡರೆ ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ, ದಿನಾಂಕ ಬರೆಯಿರಿ. ರೆಕಾರ್ಡಿಂಗನ್ನು ನಿಮ್ಮ ಪ್ರಬಂಧಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. ಒಂದು ಪ್ರತಿ ಆ ಮನೆಯವರಿಗೆ, ಒಂದು ಗ್ರಾಮದ ಅರಣ್ಯ ಹಕ್ಕು ಸಮಿತಿಗೆ, ಇನ್ನೊಂದು ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಕೊಯಮತ್ತೂರು ಜಿಲ್ಲೆಯ ಹಳೇ ಕಡತಗಳನ್ನು ಹುಡುಕಲು ತಮಿಳು ಬಲ್ಲ ಇಬ್ಬರು ಬೇಕು. ಯಾರಿಗೆ ಬರುತ್ತದೋ ಅವರು ಸಭೆ ಮುಗಿದ ಮೇಲೆ ದಯವಿಟ್ಟು ಇಲ್ಲೇ ಸ್ವಲ್ಪ ಹೊತ್ತು ಉಳಿದುಕೊಳ್ಳಿ.